ಬೆಳ್ಳಿಹಬ್ಬದ ಮಕ್ಕಳ ಪ್ಲೇಟು (7 ಇಂಚು, 45 ಆರ್‌ಪಿಎಂ): ತೊಳೆಯೋದು, ಕಂಪ್ಯೂಟರಿಗೆ ಇಳಿಸೋದು ಹೇಗೆ?

ಮದ್ದೂರು_ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಶಾಲೆಯ ಬೀರುವಿನಲ್ಲಿರುವ ಗ್ರಾಮಫೋನ್ ಪ್ಲೇಟಿನ ಬಗ್ಗೆ ಕೇಳಬೇಕಿತ್ತು. ಅಳತೆ 7 ಇಂಚು. ಲೇಬಲ್ ಮೇಲೆ ನಾಯಿ ಚಿತ್ರ, 45 ಅಂತ ಅಚ್ಚಾಗಿದೆ. ನಡುವಿನ ತೂತು ಸಣ್ಣದು. ಕವರ್ ಮೇಲೆ ತ್ರಿವರ್ಣ ಧ್ವಜ ಹಿಡಿದ ಮಕ್ಕಳ ಚಿತ್ರವಿದೆ, ಕೆಳಗೆ "ಬೆಳ್ಳಿಹಬ್ಬ" ಅನ್ನೋದಷ್ಟೇ ಉಳಿದಿದೆ. ಅದರ ಮೇಲಿನ ಸಾಲಿದ್ದ ಮೂಲೆ ಹರಿದುಹೋಗಿದೆ. ಎರಡು ಬದಿ ಸೇರಿ ಮಕ್ಕಳು ಹಾಡಿರೋ ನಾಲ್ಕು ಹಾಡು, ಎ ಬದಿಯ ಕೊನೆಗೆ ರಾಷ್ಟ್ರಗೀತೆ.

ಪ್ಲೇಟಿನ ಸ್ಥಿತಿ ಹೀಗಿದೆ: ಅಲ್ಲಲ್ಲಿ ಬೂದುಬಣ್ಣದ ಬೂಷ್ಟು, ಅಂಚು ಸ್ವಲ್ಪ ಎದ್ದಿದೆ, ಆಯುಧಪೂಜೆಗೆ ಇಟ್ಟ ಕುಂಕುಮ ಬಿ ಬದಿಯ ಗೆರೆಗಳೊಳಗೆ ಕೂತಿದೆ. ಬೀರುವಿನಲ್ಲೇ ಸೂಟ್‌ಕೇಸ್ ಮಾದರಿಯ ಹಳೇ ಪ್ಲೇಯರೂ ಇದೆ, ಕರೆಂಟಿನದು. ಆಗಸ್ಟ್ 15ಕ್ಕೆ ಮಕ್ಕಳಿಗೆ ಈ ಹಾಡು ಕೇಳಿಸಬೇಕು ಅಂತ ಎಸ್‌ಡಿಎಂಸಿಯವರ ಆಸೆ.

ಕೇಳೋದು ಮೂರು. ಇದು ಯಾವ ಬೆಳ್ಳಿಹಬ್ಬ, ಯಾವ ಇಸವಿ? ಹಾಳಾಗದ ಹಾಗೆ ತೊಳೆಯೋದು ಹೇಗೆ? ಇದೇ ಪ್ಲೇಯರಿನಲ್ಲಿ ಹಾಕಬಹುದಾ?

ಮುಳ್ಳಿನಮೊನೆ:

ಮೂರನೆಯದಕ್ಕೆ ಮೊದಲು ಉತ್ತರ: ಹಾಕಬೇಡಿ ಮೇಷ್ಟ್ರೇ. ಕಂಪ್ಯೂಟರಿಗೆ ಒಂದು ಒಳ್ಳೇ ಪ್ರತಿ ಇಳಿಯುವವರೆಗೂ ಆ ಪ್ಲೇಯರಿನ ಮುಳ್ಳು ಈ ಪ್ಲೇಟಿನ ಮೇಲೆ ಕೂರೋದು ಬೇಡ. ಸೂಟ್‌ಕೇಸ್ ಪ್ಲೇಯರುಗಳಲ್ಲಿ ಇರೋದು ಸಿರಾಮಿಕ್ ಕಾರ್ಟ್ರಿಡ್ಜು (ಮುಳ್ಳನ್ನ ಹಿಡಿದು ಅದರ ಕದಲಿಕೆಯನ್ನ ವಿದ್ಯುತ್ತಾಗಿಸುವ ಭಾಗ), ತೋಳಿನ ಭಾರ 5ರಿಂದ 8 ಗ್ರಾಂ. ಮೊನೆ ಸವೆದಿದ್ದರೆ ಒಂದೇ ಸಲಕ್ಕೆ ಗೆರೆಯ ಗೋಡೆ ಕೆರೆದು ಎತ್ತರದ ಸ್ವರಗಳೆಲ್ಲ ಹೋಗ್ತವೆ. ಮಕ್ಕಳ ಧ್ವನಿಯ ಜೀವ ಇರೋದೇ ಅಲ್ಲಿ. ಇನ್ನೊಂದು (78, 45, 33 ಅಂದರೆ ಪ್ಲೇಟು ನಿಮಿಷಕ್ಕೆ ತಿರುಗುವ ಸುತ್ತು): 78ರ ಮುಳ್ಳಿನ ಮೊನೆ ಸುಮಾರು 75 ಮೈಕ್ರಾನ್, 45 ಮತ್ತು 33ರದ್ದು 18ರಿಂದ 25 ಮೈಕ್ರಾನ್. ಹಳೇ ಪ್ಲೇಯರುಗಳಲ್ಲಿ ಎರಡೂ ಒಂದೇ ಕಾರ್ಟ್ರಿಡ್ಜಿನಲ್ಲಿರುತ್ತೆ, ಪುಟ್ಟ ಕಡ್ಡಿ ತಿರುಗಿಸಿ ಬದಲಿಸೋದು. ತಿರುಗಿಸದೆ ಹಾಕಿದರೆ ಇನ್ನೂ ಅಧ್ವಾನ.

ಈಗ ತೊಳೆಯೋ ವಿಚಾರ. ಕುಂಕುಮ ಇದೆ ಅಂದ್ರಲ್ಲ, ಅದನ್ನ ನೀರು ಮುಟ್ಟಿಸುವ ಮುಂಚೆ ತೆಗೀಬೇಕು. ಒದ್ದೆಯಾದರೆ ಬಣ್ಣ ಬಿಟ್ಟು ಅಂಟಾಗುತ್ತೆ, ಒಣಗಿದಾಗಲೇ ಉಜ್ಜಿದರೆ ಪುಡಿಯೇ ಮರಳುಕಾಗದದ ಕೆಲಸ ಮಾಡುತ್ತೆ. ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಬುರುಡೆಯಿಂದ ಪ್ಲೇಟನ್ನ ಓರೆಯಾಗಿ ಹಿಡಿದು ಊದಿ. ಬಾಯಿಂದ ಊದಬೇಡಿ, ಎಂಜಲು ಬೀಳುತ್ತೆ. ಉಳಿದದ್ದನ್ನ ನೀರುಬಣ್ಣದ ಮೆತ್ತನೆ ಕುಂಚದಿಂದ, ಗೆರೆ ಹೋದ ದಿಕ್ಕಿನಲ್ಲೇ, ಒತ್ತದೆ ಎತ್ತಿ. ಬೂಷ್ಟನ್ನೂ ಹೀಗೇ ಒಣಗಿದ್ದಾಗ ಹೊರಗಡೆ ಗಾಳಿಯಲ್ಲಿ ತೆಗೀರಿ, ಮುಖಕ್ಕೆ ಮಾಸ್ಕ್ ಇರಲಿ. ಮಕ್ಕಳ ಕೈಗೆ ಈ ಕೆಲಸ ಕೊಡಬೇಡಿ.

ಆಮೇಲೆ ದ್ರಾವಣ. ಡಿಸ್ಟಿಲ್ಡ್ ವಾಟರ್ 200 ಮಿ.ಲೀ., ಐಸೊಪ್ರೊಪೈಲ್ ಆಲ್ಕೊಹಾಲ್ 40 ಮಿ.ಲೀ., ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಒಂದು ಹನಿ. ಕೊರೋನಾ ಕಾಲದ ಸ್ಯಾನಿಟೈಜರ್ ಶಾಲೆಯಲ್ಲಿ ಉಳಿದಿರುತ್ತೆ, ಅದೂ ಆಲ್ಕೊಹಾಲೇ ತಾನೇ ಅಂತ ಯಾರಾದರೂ ಹೇಳಿಯಾರು. ಅದರಲ್ಲಿ ಗ್ಲಿಸರಿನ್ ಇರುತ್ತೆ, ಗೆರೆಯೊಳಗೆ ಜಿಡ್ಡು ಕೂರುತ್ತೆ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ನಮ್ಮ ಕಡೆಯ ಬೋರ್ ನೀರು ಆರಿದ ಮೇಲೆ ಬಿಡುವ ಬಿಳಿ ಕಲೆ ಗೊತ್ತಲ್ಲ, ಅದೇ ಉಪ್ಪು ಗೆರೆಯೊಳಗೆ ಕೂತರೆ ಪಟಪಟ ಅನ್ನುತ್ತೆ.

ಲೇಬಲ್ ಒದ್ದೆಯಾಗಬಾರದು. ಲೇಬಲ್ಲಿಗಿಂತ ತುಸು ದೊಡ್ಡದಾದ ಎರಡು ಪ್ಲಾಸ್ಟಿಕ್ ಮುಚ್ಚಳ ತಗೊಂಡು ಎರಡು ಕಡೆಯಿಂದ ಇಟ್ಟು, ನಡುವೆ ಬೋಲ್ಟು ಹಾಕಿ, ಅಂಚಿಗೆ ರಬ್ಬರ್ ವಾಷರ್ ಕೊಟ್ಟರೆ ಆಯ್ತು. ದ್ರಾವಣ ಚಿಮುಕಿಸಿ, ಒಂದು ನಿಮಿಷ ಬಿಟ್ಟು, ಮೈಕ್ರೋಫೈಬರ್ ಬಟ್ಟೆಯಿಂದ ಗೆರೆಯ ಜೊತೆಜೊತೆಗೇ ಒರೆಸಿ. ಅಡ್ಡಡ್ಡ ಬೇಡ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಿಂದ ಎರಡು ಸಲ ಜಾಲಿಸಿ. ಈ ಜಾಲಿಸೋದನ್ನ ಬಿಟ್ಟವರೇ ಜಾಸ್ತಿ, ಆಮೇಲೆ ಮುಳ್ಳಿನ ತುದಿಗೆ ಬಿಳೀ ಹಿಟ್ಟು ಕಟ್ಟಿಕೊಳ್ತು ಅಂತ ಬರೀತಾರೆ. ನೆರಳಲ್ಲಿ ನಿಲ್ಲಿಸಿ ಒಣಗಿಸಿ, ಫ್ಯಾನ್ ಬೇಡ, ಧೂಳು ಬರುತ್ತೆ.

ಇದು ವಿನೈಲ್ ಪ್ಲೇಟಿಗೆ ಮಾತ್ರ. ಬೀರುವಿನಲ್ಲಿ 78ರ ದಪ್ಪ ಪ್ಲೇಟುಗಳೂ ಇದ್ದರೆ ಅವುಗಳಿಗೆ ಆಲ್ಕೊಹಾಲ್ ಸೋಕಿಸಬೇಡಿ. ಅದು ಅರಗಿನದು, ಆಲ್ಕೊಹಾಲಿಗೆ ಕರಗುತ್ತೆ. 60ರ ದಶಕದಲ್ಲೂ ನಮ್ಮಲ್ಲಿ 78 ಅಚ್ಚಾಗ್ತಿತ್ತು, ಹಾಗಾಗಿ ಎರಡೂ ಜಾತಿ ಒಂದೇ ಬೀರುವಿನಲ್ಲಿ ಸಿಗೋದು ಸಾಮಾನ್ಯ.

ಹಳೇಲೇಬಲ್:

ಇಸವಿಯ ಪ್ರಶ್ನೆ ನನಗೆ ಬಿಡಿ.

ತ್ರಿವರ್ಣ ಧ್ವಜದ ಜೊತೆ "ಬೆಳ್ಳಿಹಬ್ಬ" ಅಂದರೆ ಎರಡೇ ಸಾಧ್ಯತೆ: ಸ್ವಾತಂತ್ರ್ಯದ್ದು 1972, ಗಣರಾಜ್ಯದ್ದು 1975. ರಾಜ್ಯ ಏಕೀಕರಣದ ಬೆಳ್ಳಿಹಬ್ಬವೂ ಒಂದಿದೆ, 1981ರದ್ದು. ಆದರೆ ಅದಾಗಿದ್ದರೆ ಚಿತ್ರದಲ್ಲಿ ಅರಿಶಿನ-ಕುಂಕುಮದ ಬಾವುಟವೋ ಭುವನೇಶ್ವರಿಯೋ ಇರುತ್ತಿತ್ತು. 1997ರ ಹೊತ್ತಿಗೆ ಶಾಲೆಗಳಿಗೆ ಬರುತ್ತಿದ್ದದ್ದು ಕ್ಯಾಸೆಟ್ಟು, ಮೇಲಾಗಿ ಅದು ಸುವರ್ಣ.

ಮೊದಲು ಲೇಬಲ್ಲಿನ ಅಂಚು ನೋಡಿ. ವೃತ್ತದೊಳಗೆ ಇಂಗ್ಲಿಷಿನ ಪಿ ಅಕ್ಷರ, ಪಕ್ಕದಲ್ಲಿ ಇಸವಿ ಇದ್ದರೆ ಕೆಲಸ ಅಲ್ಲಿಗೇ ಮುಗಿಯಿತು. ಧ್ವನಿಮುದ್ರಣ ಮೊದಲು ಪ್ರಕಟವಾದ ವರ್ಷ ಅದೇ. ಆ ಗುರುತಿನ ಪ್ರಸ್ತಾಪ 1961ರ ರೋಮ್ ಒಪ್ಪಂದದಲ್ಲೇ ಇದೆ, 1971ರ ಜಿನೀವಾ ಒಪ್ಪಂದದಲ್ಲೂ ಇದೆ. ಆದರೂ 1972ರ ಪ್ಲೇಟಿನಲ್ಲಿ ಇಲ್ಲದಿದ್ದರೆ ಆಶ್ಚರ್ಯವಿಲ್ಲ.

ಅದಿಲ್ಲದಿದ್ದರೆ ಕವರಿನ ಹಿಂಬದಿಯ ವಿಳಾಸ. ಆರಂಕಿಯ ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ಕ್ಕೆ, ಬೆಳ್ಳಿಹಬ್ಬದ ದಿನವೇ. ಆ ದಿನ ಶಾಲೆಗಳಲ್ಲಿ ಹಾಕಲೆಂದು ತಂದ ಪ್ಲೇಟಿನ ಕವರು ಅದಕ್ಕೂ ಮೊದಲೇ ಅಚ್ಚಾಗಿರಬೇಕು. ಪಿನ್ ಕೋಡ್ ಇದ್ದರೆ 1975ರ ಕಡೆ ವಾಲಬಹುದು. ಇಲ್ಲದಿದ್ದರೆ ಏನೂ ಸಾಬೀತಾಗಲ್ಲ, ಅಂಚೆಯ ಹಳೇ ವಲಯ ಸಂಖ್ಯೆಯನ್ನೇ ಎಷ್ಟೋ ಜನ ಆಮೇಲೂ ಹಾಕಿಕೊಂಡಿದ್ದರು. "ಮೈಸೂರು ರಾಜ್ಯ" ಅನ್ನೋದು ಅಚ್ಚಿನಲ್ಲೇ ಇದ್ದರೆ ಅದು 1973ರ ನವೆಂಬರ್ 1ಕ್ಕಿಂತ ಹಿಂದಿನದು ಅನ್ನಬಹುದು, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು ಅಂದೇ. ಅಚ್ಚಿನಲ್ಲಿ ಇರಬೇಕು ಅನ್ನೋದನ್ನ ಮರೀಬೇಡಿ. ಶಾಲೆಯ ರಬ್ಬರ್ ಮೊಹರು ಲೆಕ್ಕಕ್ಕಿಲ್ಲ, ಹಳೇ ಮೊಹರು ಸವೆಯುವ ತನಕ ಯಾರು ತಾನೇ ಬದಲಿಸುತ್ತಾರೆ?

ಮುಳ್ಳು ಓಡಿ ನಿಲ್ಲುವ ಜಾಗದಲ್ಲಿ, ಅಂದರೆ ಕೊನೆ ಹಾಡಿಗೂ ಲೇಬಲ್ಲಿಗೂ ನಡುವಿನ ನುಣುಪು ಪಟ್ಟಿಯಲ್ಲಿ, ಕೆತ್ತಿದ ಅಂಕಿಗಳಿರುತ್ತವೆ. ಟಾರ್ಚನ್ನ ಪ್ಲೇಟಿನ ಮಟ್ಟಕ್ಕೆ ಮಲಗಿಸಿ ಹಿಡಿದರೆ ಎದ್ದು ಕಾಣುತ್ತೆ. ಅದು ಅಚ್ಚಿನ ಮ್ಯಾಟ್ರಿಕ್ಸ್ ಸಂಖ್ಯೆ, ಲೇಬಲ್ ಮೇಲಿನ ಕ್ಯಾಟಲಾಗ್ ಸಂಖ್ಯೆ ಬೇರೆ. ಎರಡನ್ನೂ ಬರೆದಿಟ್ಟುಕೊಳ್ಳಿ. ಇವಿಷ್ಟೂ ಕೈಕೊಟ್ಟರೂ ನಿಮ್ಮ ಶಾಲೆಯಲ್ಲೇ ಇನ್ನೊಂದು ಸಾಕ್ಷಿ ಇದೆ: ದಾಸ್ತಾನು ವಹಿ. ಕವರ್ ಮೇಲೆ ಶಾಯಿಯಲ್ಲಿ ಬರೆದ ದಾಸ್ತಾನು ಸಂಖ್ಯೆ ಇದ್ದರೆ ವಹಿಯಲ್ಲಿ ಬಂದ ತಾರೀಕು, ಬೆಲೆ, ಎಲ್ಲಿಂದ ಬಂತು ಅನ್ನೋದೂ ಸಿಕ್ಕೀತು.

ಕವರಿಗೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಲೇಬೇಡಿ. ಶಾಲೆಯವರು ಮೊದಲು ಮಾಡೋದೇ ಅದು, ಅದಕ್ಕೇ ಹೇಳ್ತಿದೀನಿ. 7 ಇಂಚಿನ ಕವರು ಎ4 ಸ್ಕ್ಯಾನರಿನಲ್ಲಿ ಆರಾಮಾಗಿ ಕೂರುತ್ತೆ. 600 ಡಿಪಿಐಯಲ್ಲಿ ಹಿಂದೆ ಮುಂದೆ ಎರಡೂ ಸ್ಕ್ಯಾನ್ ಮಾಡಿ, ಗೋಡೆಗೆ ಹಾಕಲು ಅದರ ಪ್ರಿಂಟ್ ಸಾಕು.

ಗಾಂಧಿನಗರ_ಗಾನ:

ಬೂಷ್ಟು, ಕುಂಕುಮ ಇಷ್ಟೆಲ್ಲ ಇದ್ದರೆ ಫೆವಿಕಾಲ್ ವಿಧಾನವೇ ಸುಲಭ ಅಲ್ವಾ? ಪ್ಲೇಟ್ ತುಂಬ ಸಮನಾಗಿ ಹಚ್ಚಿ, ರಾತ್ರಿಯಿಡೀ ಒಣಗಿಸಿ, ಪೊರೆ ಹಾಗೇ ಸುಲಿದರೆ ಗೆರೆಯೊಳಗಿನ ಕೊಳೆ ಪೂರ್ತಿ ಅದರ ಜೊತೆ ಬರುತ್ತೆ. ಇಂಟರ್ನೆಟ್ಟಿನಲ್ಲಿ ವಿಡಿಯೋ ಬೇಕಾದಷ್ಟಿವೆ.

ಮುಳ್ಳಿನಮೊನೆ:

ಗಾನ ಅವರೇ, ವಿಧಾನ ಸುಳ್ಳಲ್ಲ. ವಿನೈಲಿಗೆ ಆ ಅಂಟು ಹಿಡಿಯಲ್ಲ, ಕೊಳೆಗೆ ಹಿಡಿಯುತ್ತೆ, ಅದಕ್ಕೇ ಸುಲಿಯುತ್ತೆ. ಆದರೆ ಒಂದೇ ಪ್ರತಿ ಇರುವ ಪ್ಲೇಟಿಗೆ ನಾನು ಬೇಡ ಅಂತೀನಿ. ಪದರ ತೆಳುವಾದರೆ ಸುಲಿಯುವಾಗ ಚೂರು ಚೂರಾಗಿ ಹರಿಯುತ್ತೆ. ಗೆರೆಯೊಳಗೆ ಉಳಿದ ಚೂರನ್ನ ತೆಗೆಯಲು ಮತ್ತೆ ಹಚ್ಚಬೇಕು. ದಪ್ಪ ಹಚ್ಚಿದರೆ ಮೋಡದ ದಿನಗಳಲ್ಲಿ ನಡುಭಾಗ ಒಣಗೋದೇ ಇಲ್ಲ. ಲೇಬಲ್ ಕಾಗದಕ್ಕೆ ತಗುಲಿದರೆ ಕಾಗದವೇ ಕಿತ್ತುಬರುತ್ತೆ, ಅದಕ್ಕೆ ಔಷಧಿ ಇಲ್ಲ. ಮೊದಲು ಎರಡು ಸಲ ತೊಳೀಲಿ. ಆಮೇಲೂ ಪಟಪಟ ಉಳಿದರೆ ಬೇರೆ ಗುಜರಿ ಪ್ಲೇಟಿನ ಮೇಲೆ ಕೈ ಪಳಗಿಸಿಕೊಂಡು ನೋಡಲಿ.

ಅಂಚು ಎದ್ದಿರೋದಕ್ಕೆ ಬಿಸಿಲಿಗಿಡೋದು, ಇಸ್ತ್ರಿಪೆಟ್ಟಿಗೆ, ಬಿಸಿನೀರು ಯಾವುದೂ ಬೇಡ. 60 ಡಿಗ್ರಿ ಹತ್ತಿರ ಬರುತ್ತಿದ್ದ ಹಾಗೇ ವಿನೈಲ್ ಮೆತ್ತಗಾಗುತ್ತೆ, ಗೆರೆಯೂ ಅದರ ಜೊತೆಗೇ ಕದಲುತ್ತೆ. ಎರಡು ದಪ್ಪ ಗಾಜಿನ ನಡುವೆ ಇಟ್ಟು, ಮೇಲೆ 3–4 ಕೆ.ಜಿ. ಭಾರ ಹೇರಿ, ತಂಪಾದ ಕೋಣೆಯಲ್ಲಿ ಕೆಲವು ವಾರ ಬಿಟ್ಟರೆ ಅಲ್ಪಸ್ವಲ್ಪ ಇಳಿದೀತು. ಗಾಜೂ ಪ್ಲೇಟೂ ಧೂಳಿಲ್ಲದಂತಿರಬೇಕು, ಇಲ್ಲದಿದ್ದರೆ ಮರಳಿನ ಕಣ ಅಚ್ಚೊತ್ತುತ್ತೆ. ಪೂರ್ತಿ ಸಪಾಟಾಗಬೇಕು ಅಂತಿಲ್ಲ. ಮುಳ್ಳು ಹಾರದಿದ್ದರೆ ಸಾಕು.

ಶಿವರಾಂಪೇಟೆ_ಸೌಂಡು:

ಇಳಿಸುವ ವಿಚಾರ. ಸ್ವಲ್ಪ ಉದ್ದವಾಗುತ್ತೆ.

ಕೆಂಪು ನೀಲಿ ಬಣ್ಣದ ಹೊಸ ಯುಎಸ್‌ಬಿ ಸೂಟ್‌ಕೇಸ್ ಪ್ಲೇಯರ್ ತಗೋಬೇಡಿ, ಹಳೇದಕ್ಕಿಂತ ಏನೂ ಮೇಲಲ್ಲ. ಪರಿಚಯದವರಲ್ಲಿ ತೋಳಿನ ಭಾರ ಹೊಂದಿಸಬಹುದಾದ ಟರ್ನ್‌ಟೇಬಲ್ ಇದ್ದರೆ ಎರಡು ಗಂಟೆ ಅವರ ಮನೆಗೇ ಹೋಗಿ. ದುಂಡು ಮೊನೆಯ ಮ್ಯಾಗ್ನೆಟಿಕ್ ಕಾರ್ಟ್ರಿಡ್ಜ್, ಭಾರ 2.5ರಿಂದ 3 ಗ್ರಾಂ, ಆ ಕಾರ್ಟ್ರಿಡ್ಜಿನ ಮಿತಿ ದಾಟದ ಹಾಗೆ. ಭಾರ ಕಡಿಮೆ ಇದ್ದರೆ ಪ್ಲೇಟಿಗೆ ಒಳ್ಳೇದು ಅನ್ನೋದು ತಪ್ಪು. ಎದ್ದ ಅಂಚಿನ ಮೇಲೆ ಮುಳ್ಳು ಕುಣಿದು ಗೋಡೆಗೆ ಗುದ್ದಿದರೆ ಅದೇ ಜಾಸ್ತಿ ಹಾಳು.

ಮ್ಯಾಗ್ನೆಟಿಕ್ ಕಾರ್ಟ್ರಿಡ್ಜಿನಿಂದ ಬರೋದು 3–5 ಮಿಲಿವೋಲ್ಟ್ ಅಷ್ಟೆ. ಅದನ್ನ ನೇರ ಕಂಪ್ಯೂಟರಿನ ಮೈಕ್ ತೂತಿಗೆ ಹಾಕಿದರೆ ತಗಡು ಬಡಿದ ಹಾಗೆ ತೆಳ್ಳಗಿನ ಸದ್ದು ಬರುತ್ತೆ. ಪ್ಲೇಟು ಕೊರೆಯುವಾಗ ಬೇಸ್ ಇಳಿಸಿ ಟ್ರೆಬಲ್ ಏರಿಸಿರ್ತಾರೆ, ಆರ್‌ಐಎಎ ಅನ್ನೋದು ಅದಕ್ಕೇ. ಅದನ್ನ ತಿರುಗಾಮುರುಗಾ ಮಾಡೋದು ಫೋನೋ ಪ್ರಿಆಂಪ್. ಅದರಿಂದ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಅಲ್ಲಿಂದ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ತಿದ್ದುವ ಆಡಾಸಿಟಿ ಸಾಫ್ಟ್‌ವೇರು. 24 ಬಿಟ್, 96 ಕಿಲೋಹರ್ಟ್ಸ್. ಜೋರಾದ ಕಡೆ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಿರಲಿ. ಸ್ಟೀರಿಯೋದಲ್ಲೇ ರೆಕಾರ್ಡ್ ಮಾಡಿ, ನಿಮಿಷಕ್ಕೆ ಸುಮಾರು 35 ಎಂಬಿ. ಈ ಅಳತೆಯ ಪ್ಲೇಟಿಗೆ ಎರಡೂ ಬದಿ ಸೇರಿ 500 ಎಂಬಿ ಒಳಗೇ ಮುಗಿಯುತ್ತೆ, ಪೆನ್‌ಡ್ರೈವ್ ಸಾಕು. ಆ ಮೂಲ ಪ್ರತಿಯನ್ನ ಮುಟ್ಟಬೇಡಿ, ಸುಧಾರಣೆಯೆಲ್ಲ ನಕಲಿನ ಮೇಲೆ.

ಒಂದೇ ಸಮನೆ ಗುಂಯ್ ಅಂದರೆ ಅರ್ಥ್ ತಂತಿ ಪ್ರಿಆಂಪಿಗೆ ಸಿಕ್ಕಿಸಿಲ್ಲ ಅಂತ. ಟಕ್ ಅನ್ನೋ ಸದ್ದು ಸರಿಯಾಗಿ 1.33 ಸೆಕೆಂಡಿಗೊಮ್ಮೆ ಬಂದರೆ ಅಡ್ಡಗೀರು, 45ರಲ್ಲಿ ಒಂದು ಸುತ್ತಿಗೆ ಹಿಡಿಯುವ ಹೊತ್ತು ಅದೇ. ಲೆಕ್ಕವಿಲ್ಲದೆ ಬಂದರೆ ಇನ್ನೂ ಕೊಳೆ ಇದೆ, ಮತ್ತೆ ತೊಳೀರಿ. ಸಾಫ್ಟ್‌ವೇರಿಗಿಂತ ನೀರೇ ಮೇಲು.

ಲೇಬಲ್ಲಿನಲ್ಲಿ ಸ್ಟೀರಿಯೋ ಅಂತ ಇಲ್ಲದಿದ್ದರೆ ಅದು ಮೋನೋ. ನಕಲಿನಲ್ಲಿ ಎರಡೂ ಚಾನೆಲ್ ಕೂಡಿಸಿ ಮೋನೋ ಮಾಡಿ. ಮೋನೋ ಹಾಡಿರೋದು ಮುಳ್ಳಿನ ಅಕ್ಕಪಕ್ಕದ ಚಲನೆಯಲ್ಲಿ, ಕೊಳೆಯ ಸದ್ದಿನ ಒಂದು ಪಾಲು ಮೇಲೆ ಕೆಳಗಿನ ಚಲನೆಯಲ್ಲಿ. ಕೂಡಿಸಿದಾಗ ಆ ಪಾಲು ತಾನಾಗೇ ಕಳೆದುಹೋಗುತ್ತೆ. 20 ಹರ್ಟ್ಸ್ ಕೆಳಗಿನದನ್ನ ಕತ್ತರಿಸಿ, ಎದ್ದ ಅಂಚಿನ ತೇಲಾಟ ಅಲ್ಲಿರುತ್ತೆ. ನಾಯ್ಸ್ ರಿಡಕ್ಷನ್ 6 ಡೆಸಿಬೆಲ್ ಮೇಲೆ ಹೋಗಬೇಡಿ, ಮಕ್ಕಳು ಬಾವಿಯೊಳಗಿಂದ ಹಾಡಿದ ಹಾಗಾಗುತ್ತೆ.

ವೇಗ ಮಾತ್ರ ಖಾತ್ರಿ ಮಾಡಿಕೊಳ್ಳಿ. 45ರ ಪ್ಲೇಟನ್ನ 33ರಲ್ಲಿ ಹಾಕಿದರೆ ಸ ಇಳಿದು ಹೆಚ್ಚುಕಮ್ಮಿ ಕೆಳಗಿನ ಪ ಆಗುತ್ತೆ, ಮಕ್ಕಳ ಧ್ವನಿ ಗಂಡಸರ ಧ್ವನಿ ಆಗುತ್ತೆ. ಅದು ಯಾರಿಗಾದರೂ ಗೊತ್ತಾಗುತ್ತೆ. ಗೊತ್ತಾಗದಿರೋದು ಶೇಕಡಾ 3–4ರ ವ್ಯತ್ಯಾಸ. ಪ್ಲೇಟಿನ ಲೇಬಲ್ ಮೇಲೆ ಕಾಗದದ ಚೂರು ಇಟ್ಟು 3 ನಿಮಿಷ ಸುತ್ತು ಎಣಿಸಿ, 135 ಬರಬೇಕು. ಸ್ಟ್ರೋಬ್ ಕಾಗದ (ಮಿನುಗುವ ಬೆಳಕಿನಲ್ಲಿ ಅದರ ಗೆರೆಗಳು ನಿಂತಂತೆ ಕಂಡರೆ ವೇಗ ಸರಿ) ಬಳಸೋದಾದರೆ ನಮ್ಮ 50 ಹರ್ಟ್ಸ್ ಕರೆಂಟಿನದ್ದೇ ಆಗಿರಲಿ (33ಕ್ಕೆ 180 ಗೆರೆ, 45ಕ್ಕೆ 133). ಅಮೆರಿಕದ 60 ಹರ್ಟ್ಸಿನದು ನೆಟ್ಟಿನಲ್ಲಿ ಜಾಸ್ತಿ ಓಡಾಡುತ್ತೆ. ಬಲ್ಬು ಹಳೇ ತಂತಿಯದ್ದಿರಲಿ, ಎಷ್ಟೋ ಎಲ್‌ಇಡಿಗಳು ಮಿನುಗೋದೇ ಇಲ್ಲ.

ಶಾಲೆಯ ಹಳೇ ಪ್ಲೇಯರನ್ನ ಪ್ರದರ್ಶನಕ್ಕೆ ಇಡಿ. ಓಡಿಸಲೇಬೇಕು ಅಂದರೆ ನೇರ ಪ್ಲಗ್ಗಿಗೆ ಹಾಕಬೇಡಿ, ರೇಡಿಯೋ ರಿಪೇರಿಯವರ ಹತ್ತಿರ ಸೀರೀಸ್ ಬಲ್ಬಿನಲ್ಲಿ ಪರೀಕ್ಷೆ ಮಾಡಿಸಿ. ವರ್ಷಾನುಗಟ್ಟಲೆ ಸುಮ್ಮನಿದ್ದ ಕಂಡೆನ್ಸರ್ ಸಿಡಿಯೋದುಂಟು. ತಟ್ಟೆ ತಿರುಗಿಸುವ ರಬ್ಬರ್ ಚಕ್ರ ಒಂದೇ ಕಡೆ ಒತ್ತಿಕೊಂಡು ಚಪ್ಪಟೆಯಾಗಿರುತ್ತೆ, ದಡ್ ದಡ್ ಅನ್ನುತ್ತೆ. ಮೋಟಾರಿನ ಗ್ರೀಸು ಗಟ್ಟಿಯಾಗಿದ್ದರೆ ಒರೆಸಿ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ. ರಬ್ಬರಿಗೆ ತಾಗಿದರೆ ಜಾರುತ್ತೆ, ಹುಷಾರು.

ಮದ್ದೂರು_ಮೇಷ್ಟ್ರು:

ತುಂಬ ಉಪಕಾರವಾಯ್ತು. ತೊಳೆದ ಮೇಲೆ ಬೂಷ್ಟಿನ ಗುರುತು ಹೋಗಿದೆ. ಇಸವಿಯ ಬಗ್ಗೆ: ಲೇಬಲ್ಲಿನಲ್ಲಿ ಪಿ ಗುರುತು ಇಲ್ಲ. ಕವರ್ ಹಿಂದೆ ಅಚ್ಚಾದ ಅಂಗಡಿ ವಿಳಾಸದಲ್ಲಿ "ಮೈಸೂರು ರಾಜ್ಯ" ಅಂತಿದೆ, ಪಿನ್ ಕೋಡ್ ಇಲ್ಲ.

ಮೈಸೂರಿನಲ್ಲಿ ಸ್ನೇಹಿತರ ಟರ್ನ್‌ಟೇಬಲ್ಲಿನಲ್ಲಿ ಎರಡೂ ಬದಿ ರೆಕಾರ್ಡ್ ಆಯ್ತು. 3 ನಿಮಿಷಕ್ಕೆ 130 ಸುತ್ತು ಬರ್ತಿದೆ, ರಾಷ್ಟ್ರಗೀತೆ 54 ಸೆಕೆಂಡು ಹಿಡೀತಿದೆ. ಬಿ ಬದಿಯ ಎರಡನೇ ಹಾಡಿನ ಕೊನೇ ಚರಣದಲ್ಲಿ ಮುಳ್ಳು ಹಿಂದಕ್ಕೆ ಜಾರಿ ಒಂದೇ ತುಣುಕು ಮತ್ತೆ ಮತ್ತೆ ಬರ್ತಿದೆ. ಈ ಹಾಡುಗಳನ್ನ ಯೂಟ್ಯೂಬಿಗೂ ಹಾಕೋಣ ಅಂತ ಮಕ್ಕಳು ಕೇಳ್ತಿದಾರೆ.

ಶಿವರಾಂಪೇಟೆ_ಸೌಂಡು:

135ನ್ನ 130ರಿಂದ ಭಾಗಿಸಿ: 1.0385. ಆಡಾಸಿಟಿಯಲ್ಲಿ ವೇಗ ಬದಲಿಸುವ ಆಯ್ಕೆಗೆ ಹೋಗಿ ಶೇಕಡಾ 3.85 ಏರಿಸಿ. ಶ್ರುತಿ ಮಾತ್ರ ಬದಲಿಸುವ ಆಯ್ಕೆ ಪಕ್ಕದಲ್ಲೇ ಇರುತ್ತೆ, ಅದಲ್ಲ. ಏರಿಸಿದ ಮೇಲೆ ರಾಷ್ಟ್ರಗೀತೆ 52 ಸೆಕೆಂಡಿಗೆ ಬರುತ್ತೆ. ಪೂರ್ಣಗೀತೆಗೆ ಹೇಳಿರುವ ಅವಧಿಯೂ ಅದೇ, ಲೆಕ್ಕ ತಾಳೆಯಾಗುತ್ತೆ.

ಸಿಕ್ಕಿಕೊಳ್ಳುವ ಜಾಗವನ್ನ ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ಕುಂಕುಮದ ಗಟ್ಟಿ ಕಣ ಇದ್ದರೆ ಅಲ್ಲಿಗಷ್ಟೇ ದ್ರಾವಣದ ಹನಿ ಬಿಟ್ಟು, ಎರಡು ನಿಮಿಷ ನೆನೆಸಿ, ಕುಂಚದಿಂದ ಎತ್ತಿ. ಗುಂಡುಪಿನ್ನು ಹಾಕಿ ಕೆದಕಬೇಡಿ. ಕಣವಲ್ಲ, ಗೀರು ಅಂತಾದರೆ ಆಂಟಿ-ಸ್ಕೇಟಿಂಗ್ ಸೊನ್ನೆಗಿಳಿಸಿ, ಅದು ತೋಳನ್ನ ಹೊರಗಡೆಗೆ ಎಳೆಯುತ್ತೆ, ಹಿಂದಕ್ಕೆ ಜಾರಲು ಅದೂ ಕಾರಣ. ಭಾರವನ್ನ ಕಾರ್ಟ್ರಿಡ್ಜಿನ ಮೇಲಿನ ಮಿತಿಗೆ ತನ್ನಿ. ಅದಕ್ಕೂ ಬಗ್ಗದಿದ್ದರೆ ಆ ಚರಣವೊಂದನ್ನೇ 33ರಲ್ಲಿ ರೆಕಾರ್ಡ್ ಮಾಡಿ, ನಿಧಾನಕ್ಕೆ ಹೋದಾಗ ಎಷ್ಟೋ ಸಲ ದಾಟುತ್ತೆ. ಆಮೇಲೆ 1.35 ಪಟ್ಟು ವೇಗ ಏರಿಸಬೇಕು. ಆದರೆ ಪ್ರಿಆಂಪ್ ಮಾಡಿದ ಆರ್‌ಐಎಎ ತಿದ್ದುಪಡಿ ತಪ್ಪು ಜಾಗಕ್ಕೆ ಹೋಗಿರುತ್ತೆ, ಹಾಗಾಗಿ ಮೊದಲು ಆಡಾಸಿಟಿಯ ಫಿಲ್ಟರ್ ಕರ್ವಿನಲ್ಲಿ ಆರ್‌ಐಎಎಯನ್ನ ತಲೆಕೆಳಗು ಮಾಡಿ ಹಾಕಿ, ಆಮೇಲೆ ವೇಗ ಏರಿಸಿ, ಆಮೇಲೆ ನೆಟ್ಟಗೆ ಹಾಕಿ. 33ರಲ್ಲೂ ಆ ಟರ್ನ್‌ಟೇಬಲ್ ನಿಧಾನವೇ ಇದ್ದೀತು, 3 ನಿಮಿಷಕ್ಕೆ 100 ಸುತ್ತು ಬರುತ್ತಾ ಎಣಿಸಿಕೊಳ್ಳಿ.

ಮೈಕ್‌ಸೆಟ್ಟಿನವರ ಹಾರ್ನಿನಲ್ಲಿ ಮಕ್ಕಳ ಧ್ವನಿ ಕಿವಿಗೆ ಚುಚ್ಚುತ್ತೆ. ಪೆನ್‌ಡ್ರೈವಿಗೆ ಹಾಕುವ ಪ್ರತಿಯಲ್ಲಿ 2ರಿಂದ 4 ಕಿಲೋಹರ್ಟ್ಸ್ ಭಾಗವನ್ನ 3 ಡೆಸಿಬೆಲ್ ಇಳಿಸಿ. ರಾಷ್ಟ್ರಗೀತೆಯನ್ನ ಬೇರೆ ಫೈಲು ಮಾಡಿ. ಇಲ್ಲದಿದ್ದರೆ ಮಕ್ಕಳು ತಿಂಡಿ ತಿನ್ನುತ್ತಿರುವಾಗ ಹಾಡಿನ ಹಿಂದೆಯೇ ಅದೂ ಶುರುವಾಗಿ ಎಲ್ಲರೂ ತಟ್ಟೆ ಹಿಡಿದು ನಿಲ್ಲಬೇಕಾಗುತ್ತೆ.

ಹಳೇಲೇಬಲ್:

ಅಚ್ಚಿನಲ್ಲೇ "ಮೈಸೂರು ರಾಜ್ಯ" ಇದ್ದರೆ ನಾನು 1972 ಅಂತೀನಿ. 1975ರ ಗಣರಾಜ್ಯದ ಕವರಿನಲ್ಲಿ ಆ ಹೆಸರಿಗೆ ಜಾಗವಿಲ್ಲ. ದಾಸ್ತಾನು ವಹಿಯನ್ನೂ ಒಮ್ಮೆ ತೆಗೆಸಿ.

ಯೂಟ್ಯೂಬ್ ಬೇಡ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರು ವರ್ಷದ ಜನವರಿಯಿಂದ 60 ವರ್ಷ. 1972ರದ್ದಾದರೆ 2032ರ ಡಿಸೆಂಬರ್ 31ರವರೆಗೆ ಅದು ಕಂಪನಿಯದ್ದೇ, ನಾಯಿ ಚಿತ್ರದ ಆ ಕಂಪನಿ ಈಗ ಸರೇಗಮ. ಶಾಲೆಯೊಳಗೆ ವಿದ್ಯಾರ್ಥಿಗಳು, ಶಿಕ್ಷಕರು, ಪೋಷಕರ ಮುಂದೆ ಕೇಳಿಸೋದಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ, ಅದಕ್ಕೆ ಅಳುಕು ಬೇಡ.

ಮಕ್ಕಳೇ ಹೊಸದಾಗಿ ಹಾಡಿ ಅದನ್ನ ಹಾಕೋದಾದರೆ ಧ್ವನಿಮುದ್ರಣದ ತಕರಾರಿಲ್ಲ, ಆದರೆ ಸಾಹಿತ್ಯ, ರಾಗಸಂಯೋಜನೆ ಯಾರದು ಅಂತ ಲೇಬಲ್ ನೋಡಿ. ಅವರು ತೀರಿಕೊಂಡ ಮರು ವರ್ಷದಿಂದ 60 ವರ್ಷ. ಪಂಜೆ ಮಂಗೇಶರಾಯರು ಹೋದದ್ದು 1937ರಲ್ಲಿ, ಅವರ ಪದ್ಯಕ್ಕೆ ಅಡ್ಡಿಯಿಲ್ಲ. ಕುವೆಂಪು ಅವರದಾದರೆ 2054ರ ಕೊನೆಯವರೆಗೂ ಅನುಮತಿ ಬೇಕು. ಲೇಬಲ್ಲಿನಲ್ಲಿ ಹಾಡಿನ ಕೆಳಗೆ ಸಣ್ಣಕ್ಷರದಲ್ಲಿ ಇರುವ ಹೆಸರುಗಳನ್ನ ಇಲ್ಲಿ ಬರೀರಿ, ಒಂದೊಂದಾಗಿ ನೋಡೋಣ.